ಇಂಡಿಯಾ ಜಸ್ಟೀಸ್ ರಿಪೋರ್ಟ್ 2025: ಒಬ್ಬ ಕಾನೂನು ನೆರವು ವಕೀಲನ ಓದು

ಈ ವರದಿಗೆ ದುಡ್ಡು ಕೊಡಬೇಕಿಲ್ಲ, ಪಿಡಿಎಫ್ ಇಳಿಸಿಕೊಂಡರಾಯಿತು. ಫೋನಿನಲ್ಲಿ ಮಾತ್ರ ಓದಲು ಹೋಗಬೇಡಿ, ಕೋಷ್ಟಕದ ಅಂಕಿಗಳು ಸಾಸಿವೆಯಷ್ಟು. ನಾನು ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಜೈಲು ಮತ್ತು ಕಾನೂನು ನೆರವಿನ ಭಾಗಗಳನ್ನಷ್ಟೇ ಪ್ರಿಂಟ್ ಹಾಕಿಸಿಕೊಂಡೆ.

ಪೊಲೀಸ್, ನ್ಯಾಯಾಂಗ, ಜೈಲು, ಕಾನೂನು ನೆರವು: ಈ ನಾಲ್ಕಕ್ಕೆ ಯಾವ ರಾಜ್ಯ ಎಷ್ಟು ದುಡ್ಡು ಇಡುತ್ತದೆ, ಎಷ್ಟು ಹುದ್ದೆ ಖಾಲಿ ಬಿಟ್ಟಿದೆ ಅಂತ ಅಳೆದು ರ‍್ಯಾಂಕ್ ಕೊಡುತ್ತಾರೆ. ಅಂಕಿಗಳೆಲ್ಲ ಸರ್ಕಾರದ್ದೇ. ಹಾಗಾಗಿ ಸಭೆಯಲ್ಲಿ ಹಾಳೆ ಮುಂದಿಟ್ಟರೆ ‘ಇದೆಲ್ಲಿಂದ ತಂದ್ರಿ’ ಅಂತ ಯಾರೂ ಬಾಯಿ ಮುಚ್ಚಿಸುವಂತಿಲ್ಲ. ನನಗೆ ಇದರ ದೊಡ್ಡ ಉಪಯೋಗವೇ ಇದು.

ದೊಡ್ಡ ಮತ್ತು ಮಧ್ಯಮ ಗಾತ್ರದ 18 ರಾಜ್ಯಗಳಲ್ಲಿ ಕರ್ನಾಟಕ ಸತತ ಎರಡನೇ ಸಲ ಮೊದಲು. ವಕೀಲರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆದರೆ 2020ರ ಆವೃತ್ತಿಯಲ್ಲಿ ನಾವು 14ನೆಯವರು, 2022ರಲ್ಲಿ ಒಂದನೆಯವರು. ಆಗಲೂ ಈಗಲೂ ನಾನು ಅದೇ ಕೋರ್ಟಿನಲ್ಲಿದ್ದೇನೆ. ಕರೆಸುವ ದನಿ, ಮುಂದೆ ಬೀಳುವ ತಾರೀಖು ಎರಡೂ ಹಾಗೇ ಇವೆ. ರ‍್ಯಾಂಕ್ ಅಂದರೆ ಪಕ್ಕದವನಿಗಿಂತ ವಾಸಿ ಅಂತಷ್ಟೇ.

ವರದಿ ಬಂದ ತಿಂಗಳೇ ಒಂದು ಜೈಲಿಗೆ ಹೋಗಿದ್ದೆ. ಬೈಕ್ ಕದ್ದ ಆರೋಪದ ಹುಡುಗ, ಮೊದಲ ಕೇಸು, ಒಳಗೆ 14 ತಿಂಗಳು. ಕಳ್ಳತನಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. ಮೊದಲ ಸಲ ಸಿಕ್ಕಿಬಿದ್ದವನು ಅದರ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡಬೇಕು ಅನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನು) 479ನೇ ಕಲಂ; ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲಿನ ಅಧಿಕಾರಿಯೇ. ಯಾರೂ ಬರೆದಿರಲಿಲ್ಲ. ಕರೆದೊಯ್ಯಲು ಪೊಲೀಸರಿಲ್ಲವೆಂದು ಅವನನ್ನು ಕೋರ್ಟಿಗೆ ವಿಡಿಯೋ ಪರದೆಯಲ್ಲೇ ಹಾಜರು ಮಾಡುತ್ತಿದ್ದರು. ಮುಖ ಕಾಣುತ್ತಿತ್ತಂತೆ, ಮಾತು ಕೇಳುತ್ತಿರಲಿಲ್ಲವಂತೆ. ‘ಸಾರ್, ನಾನು ಕೈ ಎತ್ತಿದೆ, ಅಷ್ಟರಲ್ಲಿ ಆಫ್ ಆಯ್ತು’ ಅಂದ.

ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ಕೇಸು ಇನ್ನೂ ಮುಗಿಯದವರು, ನೂರು ಜನರ ಜಾಗದಲ್ಲಿ 131 ಮಂದಿ ಅಂತ ವರದಿ ಹೇಳುತ್ತದೆ. ಆ ಪುಟವನ್ನು ಅವನ ಅರ್ಜಿಯ ಜೊತೆ ಯಾರನ್ನು ಬಿಡಬಹುದು ಅಂತ ನೋಡುವ ವಿಚಾರಣಾಧೀನರ ಪರಿಶೀಲನಾ ಸಮಿತಿಗೆ ಕೊಟ್ಟೆ. ಕೆಲಸ ಮಾಡಿದ್ದು ಅರ್ಜಿ, ನಿಜ. ಆದರೆ ಅದೇ ಜೈಲಿನಲ್ಲಿ ಇನ್ನೆಷ್ಟು ಜನ ಹೀಗಿದ್ದಾರೆ ಅಂತ ಪಟ್ಟಿ ಕೇಳುವ ಹಾಗೆ ಮಾಡಿದ್ದು ಆ ಪುಟ.

ಐದಕ್ಕೆ ನಾಲ್ಕು ಕೊಡುತ್ತೇನೆ. 2025ರ ವರದಿಯಲ್ಲಿರುವ ಜೈಲಿನ ಅಂಕಿ 2022ರದ್ದು. 479ನೇ ಕಲಂ ಜಾರಿಗೆ ಬಂದದ್ದು 2024ರ ಜುಲೈಯಲ್ಲಿ. ಮುಂದಿನ ಆವೃತ್ತಿಯಲ್ಲಿ ನನಗೆ ಒಂದೇ ಒಂದು ಕಾಲಂ ಬೇಕು: ಬಿಡುಗಡೆಗೆ ಅರ್ಹರೆಷ್ಟು, ಬಿಟ್ಟದ್ದೆಷ್ಟು.