ಮೂರು ವರ್ಷ ಬಡಿದ ಮೇಲೆ: ನನ್ನ ವೈರ್‌ಲೆಸ್ ಕೀಬೋರ್ಡ್-ಮೌಸ್ ಸೆಟ್

ಶಿರಸಿಯಲ್ಲಿ ನಂದೊಂದು ಪುಟ್ಟ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಇವೇ ಕೆಲಸ. ಏನಿಲ್ಲ ಅಂದರೂ ದಿನಕ್ಕೆ ಏಳೆಂಟು ತಾಸು ಟೈಪಿಂಗ್. 2022ರ ಜೂನ್‌ನಲ್ಲಿ 1,400 ರೂಪಾಯಿ ಕೊಟ್ಟು ಈ ಸೆಟ್ ತಂದೆ. ಕಂಪನಿ ಹೆಸರು ಬೇಡ ಬಿಡಿ, ಈ ಬೆಲೆಯ ಸೆಟ್ಟುಗಳ ಕತೆ ಎಲ್ಲಾ ಹೆಚ್ಚುಕಮ್ಮಿ ಒಂದೇ. ನಾನು ನೋಡಿಕೊಂಡಿದ್ದು ಒಂದೇ ಒಂದು: ಸ್ಕ್ರೋಲ್ ಲಾಕ್ ಕೀ ಇದೆಯಾ ಅಂತ. ಕನ್ನಡ ಟೈಪಿಂಗಿನ ತಂತ್ರಾಂಶ ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿಬರುವುದು ಅದರಿಂದಲೇ.

ಮೊದಲ ಎರಡು ವರ್ಷ ದೂರು ಹೇಳುವಂಥದ್ದು ಏನೂ ಇರಲಿಲ್ಲ. ಹೋದ ವರ್ಷ ಮದುವೆ ಸೀಸನ್ನಿನಲ್ಲಿ ಶುರುವಾಯಿತು ನೋಡಿ. ಮೌಸ್ ಎಳೆದರೆ ಬಾಣ ಅಲ್ಲೇ ನಿಂತು, ಆಮೇಲೆ ಒಂದೇ ಸಲ ಮೂಲೆಗೆ ಹಾರುವುದು. ಟೈಪ್ ಮಾಡಿದರೆ ಮೂರಕ್ಷರಕ್ಕೆ ಒಂದು ಮಾಯ. ಕೊನೆಗೆ ಎರಡೂ ಸ್ತಬ್ಧ. ಎದುರಿಗೆ ಕೂತಿದ್ದ ಹಿರಿಯರು ಐದು ನಿಮಿಷ ನೋಡಿ, "ತಂಗೀ, ನಾನು ಚಾ ಕುಡ್ಕೊಂಡು ಬರ್ತೆ, ನೀನು ಅದನ್ನ ರಿಪೇರಿ ಮಾಡು" ಅಂತ ಎದ್ದು ಹೋದರು. ಎರಡರ ಸೆಲ್ಲೂ ಬದಲಿಸಿದೆ. ಏನೂ ಆಗಲಿಲ್ಲ.

ಆಗ ತಲೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಎರಡಕ್ಕೂ ಸೇರಿ ಇರುವುದು ಒಂದೇ ಡಾಂಗಲ್, ಅಂದರೆ ಎರಡರ ಸಿಗ್ನಲ್ ಹಿಡಿಯಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಯುಎಸ್‌ಬಿ ತುಂಡು. ಎರಡು ಸೆಲ್ ಒಂದೇ ನಿಮಿಷಕ್ಕೆ ಸಾಯುವುದು ಎಲ್ಲಿಯ ಮಾತು? ಒಂದು ಮಾತ್ರ ನಿಂತರೆ ಅದರ ಸೆಲ್ ನೋಡಬೇಕು, ಎರಡೂ ಒಟ್ಟಿಗೆ ನಿಂತರೆ ಡಾಂಗಲ್ ಮತ್ತು ಅದು ಕೂತ ಜಾಗ ನೋಡಬೇಕು. ಈಗ ಅಂಗಡಿಗೆ ಬಂದು ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ.

ನನ್ನ ಡಾಂಗಲ್ ಸಿಪಿಯು ಹಿಂದೆ, ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿನಲ್ಲಿತ್ತು. ಅದರ ಪಕ್ಕಕ್ಕೇ ಹೊಸ ಹಾರ್ಡ್ ಡಿಸ್ಕ್ ಚುಚ್ಚಿದ್ದೆ. ಹಳೇ ಫೈಲುಗಳು ಕಾಪಿ ಆಗುತ್ತಿರುವಾಗಲೇ ಈ ಆಟ ಅಂತ ಗೊತ್ತಾಗಲು ನನಗೆ ನಾಲ್ಕು ದಿನ ಬೇಕಾಯಿತು. ಡಾಂಗಲ್ ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಓಡುವಾಗ ಅದರ ವೈರು, ಪೋರ್ಟುಗಳಿಂದ ಅದೇ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಏಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿಟ್ಟಿದೆ. ಜಾತ್ರೆಯಲ್ಲಿ ಮೈಕಿನ ಕೆಳಗೆ ನಿಂತು ಪಿಸುಗುಟ್ಟಿದ ಹಾಗೆ. ಪೇಟೆಗೆ ಹೋಗಿ ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು, ಡಾಂಗಲ್ಲನ್ನು ಮೇಜಿನ ಮೇಲೆ ಕೀಬೋರ್ಡಿನ ಪಕ್ಕಕ್ಕೆ ಎಳೆದುಕೊಂಡೆ. ಅವತ್ತಿನಿಂದ ಆ ಕಾಟ ಇಲ್ಲ. ಸೆಟ್ಟಿನ ಡಬ್ಬದಲ್ಲೇ ಆ ವೈರ್ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಎರಡನೇ ಸಲ ಮೌಸ್ ಚೆನ್ನಾಗಿತ್ತು, ಕೀಬೋರ್ಡ್ ಮಾತ್ರ ಸತ್ತಿತ್ತು. ಇದು ನನ್ನದೇ ತಪ್ಪು, ಹೇಳಿಕೊಳ್ಳಲು ನಾಚಿಕೆ. ಕನ್ನಡ ಟೈಪ್ ಮಾಡುವವರಿಗೆ ಶಿಫ್ಟ್ ಕೀ ಉಸಿರಿದ್ದ ಹಾಗೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಆಮಂತ್ರಣದಲ್ಲಿ ಬರೆದ ಹೆಸರು ಅಲ್ಪಪ್ರಾಣವೋ ಮಹಾಪ್ರಾಣವೋ ಅಂತ ಕೈಬರಹ ನೋಡುತ್ತಾ, ಬಲಗಡೆಯ ಶಿಫ್ಟ್ ಹಿಡಿದೇ ಕೂತಿದ್ದೆ. ಹಾಗೆ ಎಂಟು ಸೆಕೆಂಡ್ ಹಿಡಿದರೆ ವಿಂಡೋಸ್ ಫಿಲ್ಟರ್ ಕೀಸ್ ಬೇಕಾ ಅಂತ ಕೇಳುತ್ತದೆ. ನಾನು ಪರದೆ ನೋಡದೆ ಎಂಟರ್ ಹೊಡೆದೆ. ಆಯ್ತಲ್ಲ, ಆಮೇಲೆ ಪ್ರತಿ ಕೀಯನ್ನೂ ಒಂದು ಸೆಕೆಂಡ್ ಅದುಮಿ ಹಿಡಿದರೆ ಮಾತ್ರ ಅಕ್ಷರ. ಮಾಮೂಲಿ ವೇಗದಲ್ಲಿ ಬಡಿದರೆ ಏನೂ ಬರದು, ಕೀಬೋರ್ಡ್ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ. ಮತ್ತೆ ಎಂಟು ಸೆಕೆಂಡ್ ಅದೇ ಶಿಫ್ಟ್ ಒತ್ತಿದೆ, ಸರಿಹೋಯಿತು. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಗೆ ಹೋಗಿ ಆ ಶಾರ್ಟ್‌ಕಟ್ಟನ್ನೇ ತೆಗೆದುಹಾಕಿದ್ದೇನೆ. ನುಡಿ ಬಳಸುವವರು ಇವತ್ತೇ ತೆಗೆಯಿರಿ.

ಮಳೆಗಾಲದ್ದು ಬೇರೆ ಕತೆ. ಮೌಸಿನ ಸೆಲ್ ಐದಾರು ತಿಂಗಳಿಗೆ ಮುಗಿಯುತ್ತದೆ, ಕೀಬೋರ್ಡಿನದು ವರ್ಷ ದಾಟುತ್ತದೆ. ಅದಕ್ಕೇ ಅದು ಮರೆತುಹೋಗುತ್ತದೆ. ಕಳೆದ ಆಗಸ್ಟ್‌ನಲ್ಲಿ ಮುಚ್ಚಳ ತೆಗೆದರೆ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಉಪ್ಪಿನ ಹುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಹುಳಿಗೆ ಕರಗುತ್ತದೆ. ಕಿವಿ ಕಡ್ಡಿಯ ತುದಿಗೆ ಎರಡು ಹನಿ ಲಿಂಬೆರಸ ಹಚ್ಚಿ ಉಜ್ಜಿದೆ, ಚುರ್ ಅಂತ ನೊರೆ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಈಗಲೂ ಓಡುತ್ತಿದೆ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ.

ಚಿಕ್ಕಪುಟ್ಟದ್ದು ಇನ್ನೆರಡು. ಊಟ ಮುಗಿಸಿ ಬಂದರೆ ಮೌಸ್ ಎಚ್ಚರವಾಗುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದೆ. ಇನ್ನೊಂದು, ಕೈಕೊಟ್ಟಾಗ ಶಟ್‌ಡೌನ್ ಮಾಡಿದರೆ ಸಾಲದು, ರೀಸ್ಟಾರ್ಟ್ ಮಾಡಬೇಕು. ಬೇಗ ಏಳಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಆದ ಯಂತ್ರ ಪೂರ್ತಿ ಹೊಸದಾಗಿ ಏಳುವುದಿಲ್ಲ. ಮೌಸ್ ಇಲ್ಲದಾಗ ಎಡಗಡೆಯ ಆಲ್ಟ್, ಶಿಫ್ಟ್ ಜೊತೆ ನಮ್ ಲಾಕ್ ಒತ್ತಿ ಒಪ್ಪಿಕೊಂಡರೆ ಬಲಬದಿಯ ಅಂಕಿ ಕೀಗಳೇ ಬಾಣ ಸರಿಸುತ್ತವೆ. ನಿಧಾನ, ಆದರೆ ಫೈಲ್ ಸೇವ್ ಮಾಡಿಕೊಳ್ಳಬಹುದು.

ಯುಎಸ್‌ಬಿ ಬೇಡದ, ಗುಂಡು ಪಿನ್ನಿನ ಹಳೇ ಪಿಎಸ್-2 ಕೀಬೋರ್ಡನ್ನು ಗುಜರಿಗೆ ಹಾಕಿಲ್ಲ. 2025ರ ಅಕ್ಟೋಬರ್ ಅಪ್‌ಡೇಟ್ ಬಂದಾಗ ವಿಂಡೋಸ್ 11 ಕೆಟ್ಟಾಗ ರಿಪೇರಿಗೆ ಬರುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಎರಡೂ ಕೆಲಸ ಮಾಡುತ್ತಿರಲಿಲ್ಲ. ಮೈಕ್ರೋಸಾಫ್ಟ್ ವಾರದೊಳಗೆ ಸರಿ ಮಾಡಿತು. ನನಗೆ ಆ ಪರದೆಯ ಹತ್ತಿರ ಹೋಗುವ ಪ್ರಸಂಗ ಬರಲಿಲ್ಲ, ಆದರೂ ಸುದ್ದಿ ಓದಿ ಹಳೇದರ ಧೂಳು ಒರೆಸಿಟ್ಟೆ. ಇದನ್ನು ಚುಚ್ಚುವುದಾದರೆ ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಬೇಕು.

ಇನ್ನು ಸೆಟ್ಟಿನದೇ ನಿಜವಾದ ದೋಷಗಳು. ಎರಡೂವರೆ ವರ್ಷಕ್ಕೆ ಮೌಸಿನ ಎಡ ಕ್ಲಿಕ್ ಒಂದಕ್ಕೆ ಎರಡಾಗಿ ಬೀಳತೊಡಗಿತು. ಒಳಗಿನ ಸ್ವಿಚ್ ಸವೆದದ್ದು, ಯಾವ ಸೆಟ್ಟಿಂಗಿಗೂ ಬಗ್ಗಲಿಲ್ಲ. ಕ್ಯಾಪ್ಸ್ ಲಾಕ್‌ಗೆ ದೀಪ ಇಲ್ಲ. ಇದ್ದಿದ್ದರೆ ಅದು ಹತ್ತಿ ಆರುತ್ತದಾ ನೋಡಿ, ಕಂಪ್ಯೂಟರಿಗೆ ಕೀಬೋರ್ಡಿನ ಮಾತು ಕೇಳುತ್ತಿದೆಯಾ ಅಂತ ಒಂದೇ ಕ್ಷಣದಲ್ಲಿ ತಿಳಿಯುತ್ತಿತ್ತು. ಡಾಂಗಲ್ ಕಳೆದರೆ ಬೇರೆ ಸಿಗುವುದಿಲ್ಲ ಅಂತ ಅಂಗಡಿಯವನೇ ಹೇಳಿದ್ದಾನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೌಸಿನ ಜಾಗಕ್ಕೆ ಈಗ ವೈರಿಂದು ಬಂದಿದೆ. ಕೀಬೋರ್ಡ್ ಇನ್ನೂ ಅದೇ. ಎಫ್ ಕೀ ಮೇಲಿನ ಅಕ್ಷರ ಮಾತ್ರ ಪೂರ್ತಿ ಅಳಿಸಿಹೋಗಿದೆ. ನುಡಿಯಲ್ಲಿ ಒತ್ತಕ್ಷರಕ್ಕೆಲ್ಲ ಅದೇ ಬೇಕಲ್ಲ.