ಡ್ಯೂಯಿ ಮೊದಲೋ, ಕೋಲನ್ ಮೊದಲೋ?

ಪುಸ್ತಕ ವರ್ಗೀಕರಣ ಕಲಿಯುವವರಿಗೆ ಕಪಾಟಿನ ಕೆಲಸ ಬೇಗ ಕೈಗೆ ಹತ್ತಬೇಕಿದ್ದರೆ ಡ್ಯೂಯಿ ದಶಮಾಂಶ ಪದ್ಧತಿ ಹಿಡಿಯಿರಿ. 1876ರ ಈ ಪದ್ಧತಿ ಜ್ಞಾನವನ್ನೆಲ್ಲ ಹತ್ತು ವರ್ಗ ಮಾಡಿ, ಪ್ರತಿಯೊಂದನ್ನೂ ಮತ್ತೆ ಹತ್ತಾಗಿ ಒಡೆಯುತ್ತದೆ: 500 ವಿಜ್ಞಾನ, 590 ಪ್ರಾಣಿಗಳು, 599 ಸಸ್ತನಿಗಳು. ಬಹುತೇಕ ಸಂಖ್ಯೆಗಳು ಪಟ್ಟಿಯಲ್ಲೇ ಸಿಗುತ್ತವೆ. ಹೊಸಬರು ಎಡವುವುದು ಚುಕ್ಕಿಯ ಆಚೆ. 599.35 ಇಲಿಗಳ ಗುಂಪು, 599.4 ಬಾವಲಿ. ಮೂವತ್ತೈದು ದೊಡ್ಡದಲ್ಲವೇ ಎಂದು ಇಲಿಯನ್ನು ಬಾವಲಿಯ ಬಲಕ್ಕೆ ಇಟ್ಟುಬಿಡುತ್ತಾರೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ಹೋಲಿಸಬೇಕು. 4ಕ್ಕಿಂತ 3 ಮೊದಲು, ಹಾಗಾಗಿ ಇಲಿಯೇ ಎಡಕ್ಕೆ. ವಿಷಯ ಚದುರುವುದೂ ಉಂಟು: ತೋಳ 599ರಲ್ಲಿ, ಸಾಕುನಾಯಿ ಮಾತ್ರ ಪಶುಪಾಲನೆಯ ಪಕ್ಕ 636.7ರಲ್ಲಿ!

ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿಯಲ್ಲಿ ಸಂಖ್ಯೆಯನ್ನು ನೀವೇ ಕಟ್ಟಬೇಕು. 'ಭತ್ತದ ರೋಗಗಳು' ಬಂದರೆ ಮೊದಲು ಬಿಡಿಸಿ: ಮುಖ್ಯ ವರ್ಗ ಕೃಷಿ, ವ್ಯಕ್ತಿತ್ವ (ವಿಷಯದ ಮುಖ್ಯ ವಸ್ತು) ಭತ್ತ, ಶಕ್ತಿ (ಅದಕ್ಕೆ ಸಂಬಂಧಿಸಿದ ಕ್ರಿಯೆ ಅಥವಾ ಸಮಸ್ಯೆ) ರೋಗ. ದ್ರವ್ಯ, ಸ್ಥಳ, ಕಾಲ ಇದ್ದರೆ ಅವೂ ಸೇರುತ್ತವೆ. ಶಕ್ತಿಯ ಅಂಕಿಗೆ ಮೊದಲು ಕೋಲನ್ (:), ವ್ಯಕ್ತಿತ್ವದ ಅಂಕಿಗೆ ಮೊದಲು ಅಲ್ಪವಿರಾಮ. ಚಿಹ್ನೆ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ಉದ್ದ ಸಂಖ್ಯೆ ಪುಸ್ತಕದ ಬೆನ್ನಿನ ಚೀಟಿಯಲ್ಲಿ ಹಿಡಿಸದು, ಅದು ನಿಜವಾದ ಕಿರಿಕಿರಿ. ಆದರೂ ವಿಷಯ ಬಿಡಿಸುವ ಕಲೆ ಬೇಕೆಂದರೆ ಇದಕ್ಕಿಂತ ಒಳ್ಳೆಯ ಗರಡಿಯಿಲ್ಲ.