ಬೀಟೆ ಮರದ ಲಟ್ಟಣಿಗೆ ಅಂತ 1,850 ರೂಪಾಯಿ ಕೊಟ್ಟೆ, ನೀವು ಕೊಡಬೇಡಿ

ಛತ್ರಗಳಲ್ಲಿ ನಡೆಯುವ ಎಕ್ಸಿಬಿಷನ್ ಸೇಲ್‌ಗಳಲ್ಲಿ ಯಾರಾದರೂ "ಬೀಟೆ ಮರದ ಒಂದೇ ತುಂಡಿನ ಲಟ್ಟಣಿಗೆ, ಚನ್ನಪಟ್ಟಣದಲ್ಲಿ ಕೈಯಲ್ಲಿ ಕಡೆದಿದ್ದು" ಅಂತ ಮಾರುತ್ತಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ದುಡ್ಡು ತೆಗೆಯಿರಿ. ನಾನು ಏನನ್ನೂ ನೋಡದೆ, ಕೇಳದೆ ತಗೊಂಡೆ. ಬರೀ ನಾನೊಬ್ಬಳು ಮೋಸ ಹೋಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ. ಆದರೆ ನನ್ನ ಮಾತು ನಂಬಿ ನಮ್ಮ ಬಿಲ್ಡಿಂಗಿನ ಇನ್ನೂ ಇಬ್ಬರು ಅದೇ ಲಟ್ಟಣಿಗೆ ತಗೊಂಡರು. ಮೂರು ದಿನದಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ನಾವಿರುವುದು ಹನುಮಂತನಗರದಲ್ಲಿ. ಮನೆಯಲ್ಲೇ ಬೆಣ್ಣೆ ಬಿಸ್ಕೆಟ್, ಖಾರ ಬಿಸ್ಕೆಟ್ ಮಾಡಿ ಗೊತ್ತಿರುವವರಿಗೆ ಕೊಡುತ್ತೇನೆ. ಇಷ್ಟು ದಿನ ಅಮ್ಮನ ಹಳೇ ಲಟ್ಟಣಿಗೆಯಲ್ಲೇ ಲಟ್ಟಿಸುತ್ತಿದ್ದೆ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಅಮ್ಮ ಯಾವಾಗಲೋ ತಗೊಂಡಿದ್ದು. ಮಧ್ಯ ಸ್ವಲ್ಪ ಉಬ್ಬು, ಎರಡೂ ಕಡೆ ಸಣ್ಣ. ಚಪಾತಿಗೆ ಅದೇ ಚೆನ್ನ, ಕೈಯಾಡಿಸಿದ ಹಾಗೆ ಚಪಾತಿ ತಾನಾಗೇ ತಿರುಗುತ್ತದೆ. ಬಿಸ್ಕೆಟ್ ಹಿಟ್ಟು ಹಾಗಲ್ಲ ಅಲ್ವಾ? ಟ್ರೇ ಅಗಲಕ್ಕೆ ಲಟ್ಟಿಸಿ ಅಚ್ಚು ಒತ್ತಬೇಕು, ಮೂಲೆಯಿಂದ ಮೂಲೆಗೆ 5 ಮಿಲಿಮೀಟರ್ ಇರಬೇಕು. ಒಂದು ಕಡೆ 3, ಇನ್ನೊಂದು ಕಡೆ 6 ಆದರೆ ಓವನ್‌ನಲ್ಲಿ ತೆಳ್ಳಗಿನದು ಕಪ್ಪಾಗುವ ಹೊತ್ತಿಗೆ ದಪ್ಪನೆಯದು ಇನ್ನೂ ಹಸಿ. ಹಾಗಾಗಿ ಉದ್ದವಾದ, ಹಿಡಿಯಿಲ್ಲದ, ಎಲ್ಲಾ ಕಡೆ ಒಂದೇ ದಪ್ಪ ಇರುವ ಲಟ್ಟಣಿಗೆ ಬೇಕಿತ್ತು. ವರ್ಷದಿಂದ ಹುಡುಕುತ್ತಿದ್ದೆ.

ಹೋದ ತಿಂಗಳು ಜಯನಗರದ ಒಂದು ಛತ್ರದಲ್ಲಿ ಸೇಲ್ ಇತ್ತು. ಅಲ್ಲಿ ಈ ಮಳಿಗೆ. ಕಪ್ಪು ಕಂದು ಬಣ್ಣದ ಲಟ್ಟಣಿಗೆಗಳನ್ನು ಬಾಳೆ ಎಲೆ ಮೇಲೆ ಸಾಲಾಗಿ ಜೋಡಿಸಿದ್ದರು. ಎಷ್ಟು ಚೆನ್ನಾಗಿ ಹೊಳೆಯುತ್ತಿದ್ದವು ಅಂದರೆ ನನ್ನ ಕೈ ತಾನಾಗೇ ಹೋಯಿತು. ಆ ಹುಡುಗ ಬಾಯಿ ತುಂಬಾ ಅಕ್ಕ ಅಕ್ಕ ಅಂತ ಮಾತಾಡಿದ. "ಅಕ್ಕ, ಇದು ಬೀಟೆ. ನೂರು ವರ್ಷ ಆದ್ರೂ ಏನಾಗಲ್ಲ. ನಿಮ್ಮ ಮೊಮ್ಮಕ್ಕಳು ಲಟ್ಟಿಸ್ತಾರೆ ಇದ್ರಲ್ಲಿ." ನಾನು ಕೇಕ್, ಬಿಸ್ಕೆಟ್ ಮಾಡುತ್ತೇನೆ ಅಂದಿದ್ದೇ ತಡ, "ಬೇಕಿಂಗ್‌ಗೇ ಅಂತ ಮಾಡಿಸಿರೋದು ಅಕ್ಕ, ದೊಡ್ಡ ದೊಡ್ಡ ಹೋಟೆಲ್‌ನವರು ಒಯ್ತಾರೆ" ಅಂದ. 2,200 ಹೇಳಿ 1,850ಕ್ಕೆ ಕೊಟ್ಟ. ಫೋನ್‌ಪೇ ಮಾಡಿದೆ. ಅಂಗಡಿ ಹೆಸರು ಬರಲಿಲ್ಲ, ಯಾರದೋ ಸ್ವಂತ ಹೆಸರು ಬಂತು. ಬಿಲ್ ಕೇಳಿದ್ದಕ್ಕೆ "ವಾಟ್ಸಾಪ್‌ಗೆ ಹಾಕ್ತೀನಿ ಅಕ್ಕ" ಅಂದ. ಹಾಕಲೇ ಇಲ್ಲ. ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಆದರೆ ಖುಷಿಯಲ್ಲಿದ್ದೆ, ಮನೆಗೆ ಬಂದವಳೇ ಫೋಟೋ ತೆಗೆದು ಬಿಲ್ಡಿಂಗ್ ಗ್ರೂಪಿಗೆ ಹಾಕಿದೆ. ನನ್ನ ಫೋಟೋ ನೋಡಿಯೇ ಮೂರನೇ ಮಹಡಿ ಆಂಟಿ ಮತ್ತೆ ಕೆಳಗಡೆ ಮನೆ ಹುಡುಗಿ ಮಾರನೇ ದಿನ ಹೋಗಿ ತಗೊಂಡು ಬಂದರು.

ಮೊದಲನೇ ಸಲ ಬಳಸಿದ್ದು ಒಂದು ನಾಮಕರಣದ ಆರ್ಡರ್‌ಗೆ. 300 ಗ್ರಾಂ ಮೈದಾ, 200 ಬೆಣ್ಣೆ, 100 ಸಕ್ಕರೆ, ನನ್ನ ಮಾಮೂಲಿ ಲೆಕ್ಕ. ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದೆ. ಎರಡು ಸಲ ಉರುಳಿಸಿದ್ದೇ, ಬಿಳೀ ಹಿಟ್ಟಿನ ಮೇಲೆ ತೆಳುವಾಗಿ ಕಂದು ಗೆರೆ. ಏಲಕ್ಕಿ ಪುಡಿ ಇರಬೇಕು ಅಂದುಕೊಂಡೆ. ಏಲಕ್ಕಿ ಹಾಕೇ ಇರಲಿಲ್ಲ! ಬೆರಳಲ್ಲಿ ಉಜ್ಜಿದರೆ ಜಿಡ್ಡಿನ ಜೊತೆ ಹರಡಿತು. ಮೂಗಿನ ಹತ್ತಿರ ಹಿಡಿದೆ. ಪೇಂಟ್ ಅಂಗಡಿ ಮುಂದೆ ಹೋದಾಗ ಬರುತ್ತದಲ್ಲ, ಆ ಥಿನ್ನರ್ ವಾಸನೆ. ಮಗುವಿನ ನಾಮಕರಣಕ್ಕೆ ಬಂದವರು ತಿನ್ನುವ ಬಿಸ್ಕೆಟ್ ಅದು. ಅಷ್ಟೂ ಹಿಟ್ಟು ಕಸಕ್ಕೆ ಹಾಕಿದೆ. ರಾತ್ರಿ ಹನ್ನೊಂದಕ್ಕೆ ಮತ್ತೆ ಬೆಣ್ಣೆ ತರಿಸಿ, ಅಮ್ಮನ ಲಟ್ಟಣಿಗೆಯಲ್ಲೇ ಮಾಡಿ ಮುಗಿಸಿದೆ.

ಬೆಳಿಗ್ಗೆ ಅವನಿಗೆ ಫೋಟೋ ಕಳಿಸಿದೆ. ಉತ್ತರ ಎರಡೇ ನಿಮಿಷದಲ್ಲಿ ಬಂತು: "ಅಕ್ಕ ಅದು ಮರದ ನ್ಯಾಚುರಲ್ ಬಣ್ಣ. ಬೀಟೆ ಮೊದಲು ಬಣ್ಣ ಬಿಡುತ್ತೆ. ಸೋಪ್ ಹಾಕಿ ಎರಡು ಸಲ ತೊಳೀರಿ, ಸರಿ ಹೋಗುತ್ತೆ." ನಂಬಿದೆ. ತೊಳೆದೆ. ಒಂದು ಗಂಟೆ ಬಿಸಿಲಿಗೆ ಇಡಿ ಅಂದ, ಇಟ್ಟೆ. ಮರದ ಸಾಮಾನು ನೆನೆಸಬಾರದು, ಬಿಸಿಲಿಗೆ ಇಡಬಾರದು ಅಂತ ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಮಾರಿದವನೇ ಹೇಳಿದ ಅಂತ ಮಾಡಿದೆ.

ಮುಂದಿನ ವಾರ ಅದೇ ಲಟ್ಟಣಿಗೆಯಲ್ಲಿ ಮನೆಗೆ ಅಂತ ಮಾಡಿದೆ. ಬಟರ್ ಪೇಪರ್ ಹಾಸಿ, ಮೇಲೂ ಒಂದು ಹಾಕಿ ಲಟ್ಟಿಸಿದೆ, ಬಣ್ಣ ತಾಗದಿರಲಿ ಅಂತ. ಒಂದು ಸಾಲು ಸೀದು ಹೋಯಿತು, ಇನ್ನೊಂದು ಸಾಲು ಮೆತ್ತಗೆ. ಓವನ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ನನ್ನ ಕೈ ಮೇಲೇ ಅನುಮಾನ ಬಂತು. ಎಂಟು ವರ್ಷದಿಂದ ಲಟ್ಟಿಸುತ್ತಿರುವವಳು ನಾನು, ನನ್ನ ಕೈ ಮೇಲೇ ನನಗೆ ಅನುಮಾನ! ಕೊನೆಗೆ ಒಂದೇ ದಪ್ಪದ ಎರಡು ಸ್ಟೀಲ್ ಸ್ಕೇಲ್ ಹಿಟ್ಟಿನ ಎರಡೂ ಕಡೆ ಇಟ್ಟು ಅದರ ಮೇಲೆ ಉರುಳಿಸಿ ನೋಡಿದೆ. ಒಂದು ಸುತ್ತಿಗೆ ಒಮ್ಮೆ ಎರಡೂ ಸ್ಕೇಲಿಗೆ ತಾಗುತ್ತದೆ, ಅರ್ಧ ಸುತ್ತಿಗೆ ಒಂದು ಕಡೆ ಎದ್ದು ನಿಲ್ಲುತ್ತದೆ. ಗ್ರಾನೈಟ್ ಕಟ್ಟೆ ಮೇಲೆ ಬರೀ ಲಟ್ಟಣಿಗೆ ಉರುಳಿಸಿದೆ. ಟಕ್, ಟಕ್, ಟಕ್. ಸೊಟ್ಟ. ಬಾಗಿದೆ.

ಮತ್ತೆ ಮೆಸೇಜ್ ಹಾಕಿದೆ, ವಿಡಿಯೋ ಸಮೇತ. ಈ ಸಲ ಉತ್ತರ ಬಂದಿದ್ದು ಮರುದಿನ. ಅಕ್ಕ ಹೋಗಿ ಮೇಡಂ ಆಗಿದ್ದೆ. "ಮೇಡಂ, ನೀವು ನೀರಲ್ಲಿ ತೊಳೆದಿದ್ದೀರಿ. ತೊಳೆದರೆ ವಾರಂಟಿ ಇಲ್ಲ."

ಇದನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ತೊಳೀರಿ ಅಂದವನು ಅವನೇ. ಅದೇ ಚಾಟ್‌ನಲ್ಲಿ, ಸ್ವಲ್ಪ ಮೇಲೆ, ಅವನದೇ ಮಾತು ಇದೆ. ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. "ನಾವು ಒರೆಸಿ ಅಂದಿದ್ದು ಮೇಡಂ." ಅಕ್ಷರದಲ್ಲಿ ತೊಳೀರಿ ಅಂತ ಇದೆಯಲ್ಲಪ್ಪ! "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ. ಲಟ್ಟಿಸೋ ಕೈ ಸರಿ ಇರಬೇಕು." ಲಟ್ಟಿಸೋ ಕೈ ಸರಿ ಇರಬೇಕಂತೆ. ಇದನ್ನು ಟೈಪ್ ಮಾಡುವಾಗಲೂ ನನ್ನ ಕೈ ನಡುಗುತ್ತಿದೆ.

ಅವತ್ತು ಸಂಜೆಯೇ ಶ್ರೀನಗರದಲ್ಲಿ ನಮ್ಮ ಮನೆ ಬಾಗಿಲು, ಕಿಟಕಿ ಮಾಡಿಕೊಟ್ಟ ಆಚಾರ್ರ ಹತ್ತಿರ ಹೋದೆ. ಅವರು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದರು ಅಷ್ಟೇ. "ಅಮ್ಮ, ಬೀಟೆ ಇಷ್ಟು ಹಗುರ ಇರಲ್ಲ" ಅಂದರು. ಲಟ್ಟಣಿಗೆಯ ತುದಿಯಲ್ಲಿ, ಕಾಣದ ಕಡೆ, ಉಪ್ಪು ಕಾಗದ ಹಾಕಿ ಉಜ್ಜಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲು ಕಪ್ಪು ಪುಡಿ ಉದುರಿತು. ಆಮೇಲೆ ಕಂದು. ಆಮೇಲೆ ಹಾಲಿನ ಕೆನೆ ಬಣ್ಣದ ಮರ. ಒಳಗಿದ್ದದ್ದು ಇಷ್ಟೇ. ಬೀಟೆಯಾಗಿದ್ದರೆ ಒಳಗೂ ಕಪ್ಪಗೇ ಇರುತ್ತದಂತೆ, ನೇರಳೆ ಛಾಯೆಯ ಗೆರೆ ಕಾಣುತ್ತದಂತೆ. "ಇದು ರಬ್ಬರ್ ಮರ ಅಮ್ಮ. ಬಣ್ಣ ಹೊಡೆದು ಮೇಲೆ ಪಾಲಿಶ್ ಕೊಟ್ಟಿದ್ದಾರೆ. ಸರಿಯಾಗಿ ಒಣಗಿಸದೆ ಕಡೆದಿದ್ದಾರೆ, ಅದಕ್ಕೇ ಬಾಗಿದೆ." ಆ ಉಜ್ಜಿದ ಜಾಗ ಒಂದು ರೂಪಾಯಿ ನಾಣ್ಯದಷ್ಟು ಅಗಲ ಇರಬಹುದು. ಅದನ್ನು ನೋಡುತ್ತಾ ನಿಂತೆ. ಗ್ರೂಪಿಗೆ ಹಾಕಿದ ಫೋಟೋ, ಕೆಳಗೆ ನಾನೇ ಬರೆದಿದ್ದ "ಅಸಲಿ ಬೀಟೆ" ಅನ್ನೋ ಮಾತು ಕಣ್ಣ ಮುಂದೆ ಬಂತು. ಆಚಾರ್ರ ಮುಖ ನೋಡೋಕೂ ನಾಚಿಕೆ ಆಯಿತು.

ಮನೆಗೆ ಬಂದು ತಕ್ಕಡಿಯಲ್ಲಿ ಇಟ್ಟೆ. 42 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪ, 480 ಗ್ರಾಂ. ಇಷ್ಟೇ ಗಾತ್ರದ ಬೀಟೆ 650 ಗ್ರಾಂ ದಾಟಬೇಕು. ಬಿಸ್ಕೆಟ್‌ಗೆ ಬೆಣ್ಣೆ ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಮೊದಲನೇ ದಿನವೇ ಇಟ್ಟು ನೋಡಬಹುದಿತ್ತು.

ರಬ್ಬರ್ ಮರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಲು ಬರುವುದು ನಿಂತ ಮೇಲೆ ಕಡಿಯುವ ಮರ ಅದು, ಚೆನ್ನಾಗಿ ಒಣಗಿಸಿದರೆ ಅಡುಗೆಮನೆ ಸಾಮಾನಿಗೆ ಒಳ್ಳೆಯದೇ. ರಬ್ಬರ್ ಮರ ಅಂತ ಹೇಳಿ, ಬಣ್ಣ ಹಾಕದೆ, ಅದರ ಬೆಲೆಗೆ ಕೊಟ್ಟಿದ್ದರೆ ಖುಷಿಯಾಗಿ ತಗೊಳ್ಳುತ್ತಿದ್ದೆ. ಬೀಟೆ ಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು, ಅದರ ಬೆಲೆಯೇ ಬೇರೆ. ಇನ್ನೊಂದು ವಿಷಯ ಹೊಟ್ಟೆ ಉರಿಸುವುದು ಚನ್ನಪಟ್ಟಣದ ಹೆಸರು. ಇಲ್ಲಿಂದ 60 ಕಿಲೋಮೀಟರ್ ದೂರದ ಊರು. ಅಲ್ಲಿಯವರು ಬಿಳಿ ಆಲೆ ಮರ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ಆ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುವ ಹಾಗೆ ಮಾಡುತ್ತಾರೆ. ಆ ಆಟದ ಸಾಮಾನು ಕಚ್ಚಿಕೊಂಡೇ ನನ್ನ ಮಗ ಬೆಳೆದ. ಅಂಥ ಕೆಲಸಗಾರರ ಹೆಸರು ಹೇಳಿ ಥಿನ್ನರ್ ವಾಸನೆಯ ಕೋಲು ಮಾರುವುದಾ?

ದುಡ್ಡು ವಾಪಸ್ ಕೇಳಿದೆ. ತಗೊಂಡು ಆಗ 19 ದಿನ ಆಗಿತ್ತು. "ಎಕ್ಸ್‌ಚೇಂಜ್ ಮಾತ್ರ ಮೇಡಂ, ಅದೂ ಮುಂದಿನ ಸೇಲ್‌ನಲ್ಲಿ." ಸೇಲ್ ಎಲ್ಲಿ ಅಂದೆ. "ಇನ್ನೂ ಫಿಕ್ಸ್ ಆಗಿಲ್ಲ." ಆಚಾರ್ರು ಉಜ್ಜಿದ ಫೋಟೋ ಕಳಿಸಿದೆ. "ನೀವೇ ಹಾಳು ಮಾಡಿ ನಮ್ಮ ಮೇಲೆ ಹೇಳ್ತಿದ್ದೀರಾ?" ಅದೇ ಕೊನೆ. ಆಮೇಲೆ ನಂಬರ್ ಬ್ಲಾಕ್. ಮನೆಯವರ ಫೋನಿಂದ ಮಾಡಿದರೆ ನನ್ನ ಹೆಸರು ಕೇಳಿದ್ದೇ ಕಟ್ ಮಾಡಿದ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರುವುದೇ ತಪ್ಪು. ವಾಪಸ್ ತಗೊಳ್ಳುವ ಅವಧಿ ಬಿಲ್‌ನಲ್ಲಿ ಬರೆದಿಲ್ಲ ಅಂದರೆ, ದೋಷ ಇರುವ ಸಾಮಾನನ್ನು 30 ದಿನದೊಳಗೆ ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದೂ ತಪ್ಪು. ಇದನ್ನು ಅವನಿಗೆ ಬರೆದು ಕಳಿಸುವಷ್ಟರಲ್ಲಿ ಬ್ಲಾಕ್ ಆಗಿತ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಚಾಟ್, ಫೋನ್‌ಪೇ ರಸೀದಿ ಎರಡೂ ಇಟ್ಟುಕೊಂಡಿದ್ದೇನೆ. ನೀವೂ ಚಾಟ್ ಅಳಿಸಬೇಡಿ.

ತಗೊಳ್ಳುವವರಿಗೆ ಇಷ್ಟೇ ಹೇಳುತ್ತೇನೆ. ಒದ್ದೆ ಬಿಳಿ ಕರ್ಚೀಫ್ ಒಯ್ಯಿರಿ, ಅವರ ಎದುರಿಗೇ ಗಟ್ಟಿಯಾಗಿ ಉಜ್ಜಿ. ಬಣ್ಣ ಬಂದರೆ ಅಲ್ಲೇ ಇಟ್ಟು ಬನ್ನಿ. ನೆಲದ ಮೇಲೆ ಉರುಳಿಸಿ, ಸದ್ದು ಕೇಳಿ. ತುದಿಗೂ ಬಣ್ಣ ಬಳಿದು ಮರದ ಗೆರೆಯೇ ಕಾಣದ ಹಾಗೆ ಮಾಡಿದ್ದರೆ ಬೇಡ. ಹಿಟ್ಟಿಗೆ ತಾಗುವ ಸಾಮಾನಿಗೆ ಹೊಳಪೇ ಬೇಕಿಲ್ಲ. ಬಿಲ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಅಕ್ಕ ಅಂದರು ಅಂತ ಕರಗಬೇಡಿ.

ಕೆಳಗಡೆ ಮನೆ ಹುಡುಗಿಗೆ ನಿನ್ನೆಯೇ ಹೇಳಿದೆ. "ಬಿಡಿ ಅಕ್ಕ, ನಿಮ್ಮದೇನು ತಪ್ಪು" ಅಂದಳು. ಆದರೂ ಅವಳ ದುಡ್ಡು ಕೊಟ್ಟುಬಿಟ್ಟೆ. ಮೂರನೇ ಮಹಡಿ ಆಂಟಿಗೆ ಇವತ್ತು ಹೇಳಿದೆ. ಅವರು ಆ ಲಟ್ಟಣಿಗೆಯನ್ನು ಮೈಸೂರಿನ ಮಗಳಿಗೆ ಕಳಿಸಿಬಿಟ್ಟಿದ್ದಾರೆ, ಮಗಳು ಮೊಮ್ಮಗುವಿಗೆ ಅದರಲ್ಲೇ ಚಪಾತಿ ಮಾಡುತ್ತಿದ್ದಾಳಂತೆ. ನನ್ನೆದುರಿಗೇ ಫೋನ್ ಮಾಡಿ, ಎತ್ತಿಡಮ್ಮ, ಮುಟ್ಟಬೇಡ ಅಂದರು. ಅವರ 1,850 ಕೂಡ ನಾಳೆ ಕೊಡುತ್ತಿದ್ದೇನೆ.